ಬಿಡಿಸು ಎಂದ ಮಾತು

ಕಳೆದ ಆಷಾಢದಲ್ಲಿ ಯಾದಗಿರಿಯಿಂದ ಶಹಾಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದಾಗ, ನಡುದಾರಿಯಲ್ಲಿ ಮಳೆಗೆ ಸಿಕ್ಕ ಕುರಿಗಾರನೊಬ್ಬ ಹತ್ತಿ ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕೂತ. ಹೆಗಲ ಮೇಲಿನ ಕಂಬಳಿ ತೊಯ್ದು ತೊಪ್ಪೆಯಾಗಿತ್ತು. ಮುಂದಿನ ಸೀಟಿನ ಹುಡುಗಿ ಓಢಣಿಯಿಂದ ಮೂಗು ಮುಚ್ಚಿಕೊಂಡಳು. ಅವನು ನಾಚಿ, "ವಾಸನಿ ಬರಾಕತ್ತೈತೇನಬೇ ಆಯಿ?" ಎಂದು ನನ್ನನ್ನು ಕೇಳಿದ. "ಬರ್ಲಿ ಬಿಡೋ ಯಪ್ಪಾ, ನಮ್ಮ ಮನಿ ವಾಸನಿ ಅದು" ಎಂದೆ. ಉಪಚಾರಕ್ಕೆ ಅಂದದ್ದಲ್ಲ. ತೊಯ್ದ ಉಣ್ಣೆ, ಅದರೊಳಗೆ ಸ್ವಲ್ಪ ಬೇವಿನೆಣ್ಣೆ, ಸ್ವಲ್ಪ ಉಚ್ಚೆ. ಈ ಮೂರು ಕೂಡಿದರೆ ನನಗೆ ಶಹಾಪುರದ ಬಳಿಯ ಸಗರ ಊರಿನ ನಮ್ಮ ಮನೆಯ ಪಡಸಾಲೆ, ಅಲ್ಲಿನ ಹೊರಸು, ಹೊರಸಿನ ಮೇಲೆ ಮಲಗಿದ ನನ್ನ ಗಂಡ. ಶಹಾಪುರ ಬರುವವರೆಗೂ ನಾನು ಆ ಒಂದು ಚಳಿಗಾಲದಲ್ಲೇ ಇದ್ದೆ.

ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮನ ಆಳ್ವಿಕೆ ಹೋಗಿ ಎರಡೋ ಮೂರೋ ವರ್ಷವಾಗಿತ್ತು. ಕಚೇರಿಗಳ ಉರ್ದು ಬೋರ್ಡು ಇಳಿದು ಕನ್ನಡದ್ದು ಏರುತ್ತಿತ್ತು. ಸಾಲಿಯಲ್ಲಿ ಅಲೀಫ್ ಬೇ ಕಲಿತಿದ್ದ ಮಕ್ಕಳು ಅ ಆ ಇ ಈ ಎಂದು ಮತ್ತೆ ಮೊದಲಿಂದ ಶುರುಮಾಡಿದ್ದರು. ರಾಜ್ಯ ಕೂಡಿತು, ದೇಶ ಕೂಡಿತು ಎಂಬ ಮಾತು ಎಲ್ಲರ ಬಾಯಲ್ಲಿ. ನಮ್ಮ ಮನೆಯಲ್ಲಿ ಮಾತ್ರ ಒಂದು ಬೆನ್ನುಮೂಳೆ ಕೂಡದೆ ಉಳಿದಿತ್ತು.

ನನ್ನ ಗಂಡನ ಹೆಸರು ಮಾಳಪ್ಪ. ಬದುಕಿದ್ದಾಗ ಆ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಬರೆಯುವ ಕೈಗೆ ಆ ಕಟ್ಟಿಲ್ಲ ಎಂದುಕೊಂಡು ಬರೆದಿದ್ದೇನೆ. ಅವನು ನನಗೆ ಸೋದರಮಾವ, ನಮ್ಮವ್ವನ ಬೆನ್ನಿಗೆ ಬಿದ್ದ ತಮ್ಮ. ಹಾಗಾಗಿ ಮದುವೆಯಾದ ಮೇಲೂ ಮಾವ ಎಂದೇ ಕರೆದೆ. ಅವನ ಅಪ್ಪ ಬೀರಪ್ಪ ನನಗೆ ತಾಯಿಯ ಅಪ್ಪ, ಮುತ್ಯಾ. ಸಣ್ಣವಳಿದ್ದಾಗ ಅವನ ಕಂಬಳಿಯೊಳಗೆ ಹೊಕ್ಕು ಮಲಗಿದವಳು ನಾನು. ಮುಂದೆ ಸೊಸೆಯಾಗಿ ಬಂದರೂ ಅವನೆದುರು ಸೆರಗು ಹೊದ್ದು ನಿಲ್ಲುವ ನಾಟಕ ನನ್ನಿಂದ ಆಗಲಿಲ್ಲ. ಅಮ್ಮ, ಅಂದರೆ ಮುತ್ಯಾನ ಹೆಂಡತಿ, ತೀರಿಕೊಂಡಿದ್ದಳು. ಮನೆಯಲ್ಲಿ ಇದ್ದವರು ನಾವು ಮೂವರು ಮತ್ತು ಕುರಿ.

ದೊಡ್ಡ ಯುದ್ಧದ ಕಾಲದಲ್ಲಿ, ನಮ್ಮ ಮದುವೆಯಾದ ಹೊಸದರಲ್ಲಿ, ಮಾವ ಸಿಕಂದರಾಬಾದಿಗೆ ಹೋಗಿ ಇಂಗ್ರೇಜರ ಫೌಜಿಗೆ ಸೇರಿದ್ದ. ಕುರಿ ಹಿಂದೆ ತಿರುಗಿದ ಕಾಲು ಗಟ್ಟಿ ಎಂದು ಒಮ್ಮೆಗೇ ತೆಗೆದುಕೊಂಡರಂತೆ. ಬರ್ಮಾದ ಗುಡ್ಡದಲ್ಲಿ ಅವನಿದ್ದ ಲಾರಿ ಉರುಳಿ ಬಿತ್ತು. ಬಹಳ ತಿಂಗಳು ಪುಣೆಯ ಕಡೆಯ ಮಿಲಿಟರಿ ದವಾಖಾನೆಯಲ್ಲಿಟ್ಟು, ಕೊನೆಗೆ ರೈಲಿನಲ್ಲಿ ಯಾದಗಿರಿಗೆ ತಂದು ಇಳಿಸಿದರು. ಅಲ್ಲಿಂದ ಬಂಡಿಯಲ್ಲಿ ಹುಲ್ಲು ಹಾಸಿ, ನೀರು ಇಳಿದಿದ್ದ ಭೀಮೆಯನ್ನು ದಾಟಿಸಿ, ಮುತ್ಯಾ ಮನೆಗೆ ಕರೆತಂದ. ಸೊಂಟದಿಂದ ಕೆಳಗೆ ಅವನದ್ಯಾವುದೂ ಅವನ ಮಾತು ಕೇಳುತ್ತಿರಲಿಲ್ಲ, ಉಚ್ಚೆ ಕೂಡ.

ಪುಣೆಯಲ್ಲಿ ಬೆನ್ನು ಮುರಿದವರದೇ ಒಂದು ವಾರ್ಡು ಇತ್ತಂತೆ. ಪಕ್ಕದ ಮಂಚದ ಪಂಜಾಬಿ ಸಿಪಾಯಿ ದಿನವೂ ಹಾಡುತ್ತಿದ್ದ. ಒಂದು ದಿನ ಹಾಡು ನಿಲ್ಲಿಸಿ ಗೋಡೆಗೆ ಮುಖ ಮಾಡಿದ, ಊಟ ಬಿಟ್ಟ, ಹೋದ. ಹಾಗೆ ಬಹಳ ಮಂದಿ ಹೋದರಂತೆ. "ಹುಣ್ಣು ತಿಂದ ಮಂದಿಗಿಂತ ಗ್ವಾಡಿ ತಿಂದ ಮಂದೀನೇ ಹೆಚ್ಚು" ಎನ್ನುತ್ತಿದ್ದ ಮಾವ. ಹಾಗಂದವನೇ ಕೆಲವು ದಿನ ತಾನೂ ಗೋಡೆಗೆ ತಿರುಗಿ ಮಲಗುತ್ತಿದ್ದ. ಕರೆದರೆ ಓ ಎನ್ನುತ್ತಿರಲಿಲ್ಲ. ಊರವರು ಗಾಳಿ ಹಿಡಿದಿದೆ ಎಂದು ತಾಯತ ಕಟ್ಟಿಸಿದರು. ಗಾಳಿಯಲ್ಲ ಎಂದು ನನಗೆ ಗೊತ್ತಿತ್ತು, ಏನು ಎಂದು ಗೊತ್ತಿರಲಿಲ್ಲ.

ಹುಣ್ಣಾಗದಂತೆ ಮಗ್ಗಲು ಬದಲಿಸುವುದು, ಒದ್ದೆ ಕಂಬಳಿ ತೆಗೆದು ಒಣಗಿದ್ದು ಹಾಸುವುದು, ಆದ ಹುಣ್ಣಿಗೆ ಬೇವಿನೆಣ್ಣೆ ಹಚ್ಚುವುದು ನನ್ನ ಕೆಲಸ. ಇದಾದ ಮೇಲೆ ರೊಟ್ಟಿ, ನೀರು, ಹೊಲ. ನನ್ನ ವಯಸ್ಸಿನ ಹೆಣ್ಣುಮಕ್ಕಳು ಕೂಸು ಎತ್ತಿಕೊಂಡು ತಿರುಗುತ್ತಿದ್ದರು. ನಾನು ಗಂಡನನ್ನೇ ಎತ್ತಿ ಇಳಿಸುತ್ತಿದ್ದೆ. ಪತಿಸೇವೆ, ಪುಣ್ಯ ಎಂದು ಜನ ಹೊಗಳುತ್ತಿದ್ದರು. ಪುಣ್ಯವೋ ಪಾಪವೋ, ನನ್ನ ಸೊಂಟ ಮಾತ್ರ ಸಂಜೆಗೆ ಬಿದ್ದುಹೋಗುತ್ತಿತ್ತು.

ಅಫೀಮು ಮನೆಯೊಳಗೆ ಬಂದದ್ದು ನೋವಿನ ಹೆಸರಿನಲ್ಲಿ. ಕಾಲೇ ಗೊತ್ತಾಗದವನಿಗೆ ಕಾಲುನೋವು ಎಲ್ಲಿಂದ ಎಂದು ಜನ ನಗುತ್ತಿದ್ದರು. ಆದರೆ ಆ ಗೊತ್ತಾಗದ ಕಾಲಿನಲ್ಲೇ ಕೆಂಡ ಸುರಿದಂತೆ ಉರಿ ಏಳುತ್ತಿತ್ತು. ಆ ದಿನಗಳಲ್ಲಿ ಅಫೀಮು ಲೈಸೆನ್ಸಿನ ಅಂಗಡಿಯಲ್ಲಿ ಬೆಲ್ಲದಂತೆ ಸಿಗುತ್ತಿತ್ತು. ಕೂಲಿಗೆ ಹೋಗುವ ತಾಯಂದಿರು ಕೂಸು ಮಲಗಲೆಂದು ನಾಲಗೆಗೆ ಹಚ್ಚುತ್ತಿದ್ದರು. ಅದನ್ನು ಯಾರೂ ಚಟ ಎನ್ನುತ್ತಿರಲಿಲ್ಲ. ಜೊತೆಗೆ ಗೆಳೆಯರು ಶೇಂದಿಯ ಗಡಿಗೆ ತರುತ್ತಿದ್ದರು. ಯುದ್ಧದ ಕತೆ ಹಳೆಯದಾದಂತೆ ಗೆಳೆಯರು ಬರುವುದು ಬಿಟ್ಟರು, ಅವರೊಂದಿಗೆ ಶೇಂದಿಯೂ ನಿಂತಿತು. ಅಫೀಮು ಮಾತ್ರ ಉಳಿಯಿತು.

ದೀಪಾವಳಿ ಮುಗಿದ ಹೊತ್ತಿಗೆ ಸುರಪುರದ ಸಂತೆಗೆ ಹೋದವರು ಒಂದು ಖಬರು ತಂದರು. ಹೊಸ ಸರಕಾರ ಅಫೀಮಿನ ಅಂಗಡಿಗಳನ್ನು ಮುಚ್ಚುತ್ತದಂತೆ. ಒಮ್ಮೆಲೇ ಅಫೀಮು ಸಿಗದಂತಾದವರ ಗತಿಯನ್ನು ಮಾವ ವಾರ್ಡಿನಲ್ಲಿ ಕಣ್ಣಾರೆ ಕಂಡವನು.

ಅದೇ ವಾರ ಮರಿಗಳು ಸತ್ತವು. ತಾಯಿಕುರಿಗಳು ಮೇಯಲು ಹೋದಾಗ ಎಳೆಯ ಮರಿಗಳನ್ನು ಪಡಸಾಲೆಯೆದುರಿನ ರೊಪ್ಪದಲ್ಲಿ, ಮುಳ್ಳಿನ ಬೇಲಿಯೊಳಗೆ ಬಿಟ್ಟಿರುತ್ತಿದ್ದೆವು. ಅವನ್ನು ಕಾಯುವುದು ಮಾವನ ಕೆಲಸ. ಉದ್ದನೆಯ ಬಡಿಗೆ, ಮೇಲೆ ಫೌಜಿನ ಗಂಟಲು, ಇಷ್ಟಿದ್ದರೆ ಸಾಕಿತ್ತು. ಮನೆಯಲ್ಲಿ ಅವನ ಪಾಲಿಗೆ ಉಳಿದಿದ್ದದ್ದು ಅದೊಂದೇ ಕೆಲಸ. ಅವತ್ತು ನಾನು ಹತ್ತಿ ಬಿಡಿಸಲು ಹೋಗಿದ್ದೆ. ಮಧ್ಯಾಹ್ನ ಬರುವಷ್ಟರಲ್ಲಿ ನಾಯಿಗಳು ಬೇಲಿ ನುಗ್ಗಿ ಮರಿಗಳನ್ನು ಹರಿದು ಹಾಕಿದ್ದವು. ಮಾವ ಕಣ್ಣು ತೆರೆದೇ ಮಲಗಿದ್ದ. ಬಡಿಗೆ ಕೈಯಳತೆಯಲ್ಲೇ ಇತ್ತು.

"ನೋಡಾಕತ್ತಿದ್ದೆ ಸಿದ್ದಿ," ಎಂದು ನನಗೆ ಹೇಳಿದ, ಅಮಲು ಇಳಿದ ಮೇಲೆ. "ನಾಯಿ ಬಂದದ್ದು ನೋಡಿದೆ, ಮರಿ ಒದರಿದ್ದು ಕೇಳಿದೆ. ಆದ್ರ ಬ್ಯಾರೆ ಯಾರದೋ ರೊಪ್ಪದಾಗ, ದೂರ ಎಲ್ಲೋ ನಡದಂಗ ಅನಿಸ್ತು. ಒದರಬೇಕು ಅನ್ನೂದs ಹೊಳೀಲಿಲ್ಲ."

ಮುತ್ಯಾ ಬಂದು ಸತ್ತ ಮರಿಗಳನ್ನು ಮಾತಿಲ್ಲದೆ ಕಂಬಳಿಯಲ್ಲಿ ಕಟ್ಟಿದ. ಬೈದಿದ್ದರೆ ಚೆನ್ನಾಗಿತ್ತು. ಕೈ ತೊಳೆದುಕೊಂಡು ಮಗನ ತಲೆಯ ಬಳಿ ಕೂತಾಗ ಮಾವ ಅವನ ಕೈ ಹಿಡಿದು ಅತ್ತ. ಫೌಜಿನಿಂದ ಬಂದ ಮೇಲೆ ಅವನು ಅತ್ತದ್ದು ನಾನು ನೋಡಿದ್ದು ಅದೇ ಮೊದಲು.

"ಇದರಿಂದ ನನ್ನ ಬಿಡಸು ಯಪ್ಪಾ," ಎಂದ. "ನಿನ್ನ ಕೈಲೇ ಆಗಬೇಕು. ನನ್ನಿಂದ ಆಗವಲ್ದು."

ಮುತ್ಯಾ ಬಹಳ ಹೊತ್ತು ಮಗನ ಮುಖ ನೋಡಿದ. ಆಮೇಲೆ "ಹೂನಪಾ, ಬಿಡಸ್ತೀನಿ" ಎಂದ.

ಬಿಡಿಸು ಎಂಬ ಮಾತನ್ನು ನಾವು ಎಷ್ಟಕ್ಕೆಲ್ಲ ಬಳಸುತ್ತೇವೆ! ಹತ್ತಿ ಬಿಡಿಸುತ್ತೇವೆ, ಗಂಟು ಬಿಡಿಸುತ್ತೇವೆ, ಜಗಳ ಬಿಡಿಸುತ್ತೇವೆ. ನಮ್ಮ ಮನೆಯಲ್ಲಿ ಆ ಮಾತಿಗೆ ಇನ್ನೊಂದು ಬಳಕೆಯಿತ್ತು. ಕಾಲು ಸೋತು ನೆಲ ಹಿಡಿದ ಕುರಿಗೆ ಹುಳ ಬೀಳುತ್ತದೆ. ನರಳುತ್ತ ದಿನಗಟ್ಟಲೆ ಸಾಯುತ್ತದೆ. ಅಂಥದ್ದನ್ನು ಮುತ್ಯಾ ಬೇಗ ಮುಗಿಸುತ್ತಿದ್ದ. ಅದಕ್ಕೆ ಕೊಯ್ಯುವುದು ಎಂಬ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ. "ಬಿಡಿಸಿದೆ" ಎನ್ನುತ್ತಿದ್ದ, ಅವತ್ತು ಊಟ ಮಾಡುತ್ತಿರಲಿಲ್ಲ. ನನಗೂ ಇದು ಗೊತ್ತಿದ್ದ ಮಾತೇ. ಆದರೂ ಆ ಸಂಜೆ ನನಗೆ ಹೊಳೆಯಲಿಲ್ಲ. ಅಫೀಮು ಬಿಡಿಸು ಎಂದು ಮಗ ಕೇಳಿದ, ಆಗಲಿ ಎಂದು ಅಪ್ಪ ಅಂದ, ಎಂದುಕೊಂಡು ನಾನು ಒಲೆ ಹಚ್ಚಲು ಹೋದೆ.

ಮರುದಿನದಿಂದ ಮುತ್ಯಾ ಕೊಡುತ್ತಿದ್ದ ಚೂರು ಸಣ್ಣದಾಯಿತು. ಮಾವನಿಗೆ ಅದು ತಕ್ಷಣ ತಿಳಿಯಿತು. ಮೂಗು ಸುರಿಯುತ್ತಿತ್ತು, ಆಕಳಿಕೆಯ ಮೇಲೆ ಆಕಳಿಕೆ, ತೋಳಿನ ರೋಮವೆಲ್ಲ ಎದ್ದು ನಿಲ್ಲುತ್ತಿತ್ತು, ಅವನದಲ್ಲದ ಕಾಲು ತಾನಾಗಿ ಜಿಗಿಯುತ್ತಿತ್ತು. ಆದರೂ ಹಲ್ಲು ಕಚ್ಚಿಕೊಂಡು ನನ್ನತ್ತ ನೋಡಿ ನಗುತ್ತಿದ್ದ. "ನಮ್ಮಪ್ಪ ಮಾತಿನ ಮನಷ್ಯ ನೋಡು. ಹೇಳಿದಂಗ ಕಡಿಮಿ ಮಾಡಾಕತ್ತಾನ" ಎನ್ನುತ್ತಿದ್ದ. ನನಗೂ ಖುಷಿಯಾಗಿತ್ತು. ಮುತ್ಯಾ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದ. ಕುರಿ ಹಿಂದೆ ಹೋಗುವುದನ್ನು ಬಿಟ್ಟು ಮಗನ ಕಾಲು ತಿಕ್ಕುತ್ತ ಕೂರುತ್ತಿದ್ದ, ಅವನಿಗೆ ಇಷ್ಟವೆಂದು ಜೇನು ಹುಡುಕಿ ತರುತ್ತಿದ್ದ. ವಯಸ್ಸಾಯಿತು, ಕರುಳು ಮೆತ್ತಗಾಗಿದೆ ಎಂದುಕೊಂಡೆ.

ಎಳ್ಳಮಾಸಿ ಬಂತು. ನಮ್ಮ ಕಡೆ ಆ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ, ಎಡೆಯ ಅಡುಗೆಯನ್ನು ಚರಗವೆಂದು ಬೆಳೆಗೆ ಚೆಲ್ಲಿ, ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ ಉಣ್ಣದ ಮನೆಯೇ ಇಲ್ಲ. ಹಿಂದಿನ ದಿನ ನಾನು ಭಜ್ಜಿಗೆ ಕಾಳು ನೆನೆಹಾಕಿ, ಪೂಜೆಗೆ ಒಂದಿಷ್ಟು ಅರಿಷಿಣ ಬೇಕೆಂದು ಮುತ್ಯಾನ ಭಂಡಾರದ ಚೀಲಕ್ಕೆ ಕೈ ಹಾಕಿದೆ. ಬೀರದೇವರ ಭಂಡಾರ ಅದು, ಸದಾ ಅವನ ಹೆಗಲಲ್ಲೇ ಇರುತ್ತಿತ್ತು. ಅವತ್ತು ಸ್ನಾನಕ್ಕೆ ಹೋಗುವಾಗ ಗೂಟಕ್ಕೆ ಹಾಕಿದ್ದ. ಅರಿಷಿಣದ ಪುಡಿಯೊಳಗೆ ಮುತ್ತಲ ಎಲೆಯ ಪೊಟ್ಟಣವೊಂದು ಕೈಗೆ ಸಿಕ್ಕಿತು. ಬಿಚ್ಚಿದರೆ ಕರಿಯ ಅಂಟು, ಆ ಕಹಿ ವಾಸನೆ. ಮಗನಿಗೆ ಕಡಿಮೆ ಮಾಡಿ ಮುದುಕ ತಾನು ತಿನ್ನಲು ಹತ್ತಿದ್ದಾನೆ ಎಂದುಕೊಂಡೆ. ಸಿಟ್ಟು ನೆತ್ತಿಗೇರಿತು. ಹಿತ್ತಲಿಗೆ ಹೋಗಿ ಪೊಟ್ಟಣ ಮುಂದೆ ಹಿಡಿದು, "ಏನಿದು ಮುತ್ಯಾ? ನಾಚಿಕಿ ಬರಂಗಿಲ್ಲ ನಿನಗ?" ಎಂದೆ.

ಅವನು ಒದ್ದೆ ಮೈಯಲ್ಲೇ ಕಲ್ಲಿನ ಮೇಲೆ ಕೂತ. "ಕೂಡಿಡಾಕತ್ತೀನವ್ವ," ಎಂದ. "ನಾಳಿ ಎಳ್ಳಮಾಸಿ ಉಣ್ಣಲಿ ಅಂತ ತಡದೀನಿ. ಬಂಡ್ಯಾಗ ಹೊಲಕ್ಕ ಒಯ್ದು ಭಜ್ಜಿ ಉಣಿಸಿ ಬಿಡಸ್ತೀನಿ. ನಿದ್ದ್ಯಾಗ ಹೋಗ್ತಾನ, ತ್ರಾಸ ಆಗಂಗಿಲ್ಲ. ನೀ ಇವತ್ತs ನಿಮ್ಮವ್ವನ ಮನಿಗಿ ಹೋಗಿ ಬಿಡು."

"ಹೆತ್ತ ಮಗನ್ನ ಕೊಲ್ತೀಯೇನು?" ಎಂದೆ.

"ಅಂವನೇ ಕೇಳ್ಯಾನ ಸಿದ್ದಿ. ಬಾಯಿ ಬಿಟ್ಟು ಕೇಳ್ಯಾನ. ಇದರಿಂದ ಬಿಡಸು ಯಪ್ಪಾ ಅಂದ. ನೀನೂ ಅಲ್ಲೇ ಇದ್ದಿ. ಇಷ್ಟು ವರ್ಷ ನೆಲ ಹಿಡದ ಜೀವ ಅದು. ಬ್ಯಾರೆ ಕುರಿಗಿ ಮಾಡೂದು ನನ್ನ ಮಗಗ ಯಾಕ ಮಾಡಲಿಲ್ಲ ಅಂತ ಕೇಳಿದಂಗಾತು ನನಗ."

"ಅಂವ ಅಫೀಮಿನ ಮಾತು ಆಡ್ಯಾನ ಮುತ್ಯಾ! ಅಫೀಮು ಬಿಡಸು ಅಂದಾನ! ನೀ ಕಡಿಮಿ ಮಾಡಿದ್ದು ನೋಡಿ ನಮ್ಮಪ್ಪ ಮಾತಿನ ಮನಷ್ಯ ಅಂತ ಹಿಗ್ಗಾಕತ್ತಾನ!"

"ಅಫೀಮಿಂದೇನು?" ಎಂದು ಮುತ್ಯಾ ಒಮ್ಮೆ ಕೇಳಿದ. ಮತ್ತೆ ತನ್ನಷ್ಟಕ್ಕೆ, "ಅಫೀಮಿಂದು" ಎಂದ. ಅವನ ಮೈಯ ನೀರು ಇನ್ನೂ ಆರಿರಲಿಲ್ಲ, ನಾನು ಕಂಬಳಿ ತಂದು ಹೊದಿಸಿದೆ. ಕೊಲ್ಲಲು ಹೊರಟವನಿಗೆ ಕಂಬಳಿ ಹೊದಿಸಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅವನ ಪ್ರೀತಿಯಲ್ಲಿ ನನಗೆ ಅವತ್ತೂ ಅನುಮಾನ ಬರಲಿಲ್ಲ. ಹೆದರಿಕೆ ಬಂದದ್ದು ಆ ಪ್ರೀತಿಯನ್ನು ಕಂಡೇ.

ಮುಚ್ಚಿಟ್ಟು ಬಾಳುವುದು ನನ್ನಿಂದ ಆಗುವಂತಿರಲಿಲ್ಲ. ಅವನ ಕೈ ಹಿಡಿದು ಎಬ್ಬಿಸಿ ಪಡಸಾಲೆಗೆ ಕರೆತಂದು, ಪೊಟ್ಟಣವನ್ನು ಹೊರಸಿನ ಮೇಲಿಟ್ಟು, ಆದದ್ದನ್ನೆಲ್ಲ ಮಾವನಿಗೆ ಹೇಳಿದೆ. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಅವನು ಪೊಟ್ಟಣವನ್ನೇ ನೋಡುತ್ತ, "ಹಂಗಾದ್ರ ನೀ ಕಡಿಮಿ ಮಾಡಿದ್ದು..." ಎಂದ.

"ಕೂಡಿಡಾಕಪಾ," ಎಂದ ಮುತ್ಯಾ.

ಹೊರಗೆ ಯಾರೋ ಚರಗದ ಬುಟ್ಟಿಗೆ ಸುಣ್ಣ ಬಳಿಯುತ್ತ ನಗುತ್ತಿದ್ದರು. ಮಾವ ಎಲ್ಲಿ ಗೋಡೆಗೆ ತಿರುಗಿಬಿಡುತ್ತಾನೋ ಎಂದು ನಾನು ಹೊರಸಿನ ಆ ಬದಿಗೆ ಹೋಗಿ ನಿಂತೆ.

"ನಿನ್ನ ತಪ್ಪಿಲ್ಲ ಯಪ್ಪಾ," ಎಂದ ಕೊನೆಗೆ. "ಆವತ್ತು ಬಿಡಸು ಅಂದಾಗ ಯಾವುದರಿಂದ ಅಂತ ನನಗೂ ಪೂರಾ ಗೊತ್ತಿರಲಿಲ್ಲ."

ಮುತ್ಯಾ ಹೊರಸಿನ ಕಾಲಿಗೆ ತಲೆಯಾನಿಸಿ ಕೂತಿದ್ದ. "ಈಗ ಗೊತ್ತೈತೇನಪಾ?" ಎಂದ.

"ಈಗೂ ಇಲ್ಲ. ನಾಳಿ ಎಳ್ಳಮಾಸಿ. ಭಜ್ಜಿ ಉಣ್ತೀನಿ. ಆಮ್ಯಾಲಿಂದು ಆಮ್ಯಾಲ ನೋಡೂಣು."

ಬದುಕುತ್ತೇನೆ ಎಂದು ಅವನು ಹೇಳಲಿಲ್ಲ. ನನಗೆ ಸಿಕ್ಕದ್ದು ಒಂದು ಹೊತ್ತಿನ ಊಟದ ಭರವಸೆ ಮಾತ್ರ, ಅದನ್ನೇ ಹಿಡಿದುಕೊಂಡೆ. ಮರುದಿನ ಅವನನ್ನು ಬಂಡಿಯಲ್ಲಿ ಹೊಲಕ್ಕೆ ಒಯ್ದೆವು. ಮುತ್ಯಾ "ಹುಲ್ಲುಲ್ಲಿಗೋ" ಎಂದು ಕೂಗುತ್ತ ಚರಗ ಚೆಲ್ಲುವಾಗ ಮತ್ತೆ ಮತ್ತೆ ಬಂಡಿಯತ್ತ ತಿರುಗಿ ನೋಡಿದ. ಮಾವ ನಾಲ್ಕು ತುತ್ತು ಉಂಡು ಕಣ್ಣು ಮುಚ್ಚಿದ. ನಾನು ಅವನ ಎದೆ ಏರುವುದು ಇಳಿಯುವುದನ್ನೇ ನೋಡುತ್ತ ಕೂತೆ. ಎಳ್ಳಮಾಸಿಯ ಭಜ್ಜಿ ನನಗೆ ಆ ವರ್ಷ ರುಚಿಸಲಿಲ್ಲ.

ಹಬ್ಬ ಕಳೆದ ಮೇಲೆ ಶಹಾಪುರದ ದವಾಖಾನೆಗೆ ಕರೆದೊಯ್ದೆವು. ಅಲ್ಲಿನ ಗುಡ್ಡ ಮನುಷ್ಯ ಮಲಗಿದಂತೆ ಕಾಣುತ್ತದೆ. ಬಂಡಿಯಲ್ಲಿ ಮಲಗಿದ್ದ ಮಾವ ಅದನ್ನು ನೋಡಿ, "ಅಂವಂದೂ ನನ್ನಂಗs ಆಗೈತಿ. ಅಂವಗ ಹುಣ್ಣಾಗಂಗಿಲ್ಲ, ಅಷ್ಟs ಫರಕು" ಎಂದ. ಡಾಕ್ಟರು ಹುಣ್ಣು ತೊಳೆದು ಕಟ್ಟಿ, ಅಫೀಮನ್ನು ಒಮ್ಮೆಲೇ ನಿಲ್ಲಿಸಬೇಡಿ, ಇಳಿಸುತ್ತ ಬನ್ನಿ, ನಡುವೆ ಬಂದು ತೋರಿಸಿ ಎಂದರು. ಇಳಿಸಲು ಇರಬೇಕಲ್ಲ? ನಾವು ಹಿಂತಿರುಗುವ ದಾರಿಯಲ್ಲೇ ಅಂಗಡಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಮನೆಗೆ ಬಂದ ಮುತ್ಯಾ, ಅವತ್ತು ಹೊರಸಿನಿಂದ ಎತ್ತಿ ಮತ್ತೆ ಭಂಡಾರದ ಚೀಲಕ್ಕೆ ಹಾಕಿಕೊಂಡಿದ್ದ ಆ ಪೊಟ್ಟಣವನ್ನು ತೆಗೆದು ನನ್ನ ಕೈಗಿಟ್ಟ. "ಇದರಾಗs ಇಳಿಸು," ಎಂದ. "ನನ್ನ ಕೈಯಾಗ ಬ್ಯಾಡ."

ಹೀಗೆ ಮಗನನ್ನು ಮುಗಿಸಲು ಮುದುಕ ಕೂಡಿಟ್ಟದ್ದನ್ನೇ ನಾನು ದಿನಕ್ಕಿಷ್ಟು ಚಿವುಟಿ ಮಗನಿಗೆ ಕೊಡುತ್ತ ಹೋದೆ. ಜೋಳ ತೆನೆಗಟ್ಟಿ, ಊರಿಗೆ ಊರೇ ಸೀತನಿ ಸುಟ್ಟು ತಿನ್ನುತ್ತಿದ್ದ ದಿನಗಳು. ನಮ್ಮ ಪಡಸಾಲೆಯಲ್ಲಿ ವಾಂತಿ, ಬೆವರು, ಚಳಿ. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು, ಅವನು ಬೇಡುತ್ತಿದ್ದ. ಫೌಜಿನ ಗಂಟಲು ಕೂಸಿನ ಗಂಟಲಾಗಿ, "ನನ್ನವ್ವಾ, ನನ್ನ ತಾಯೀ, ಜರಾ ಕೊಡಬೇ" ಎನ್ನುತ್ತಿದ್ದ. ಹೆಂಡತಿಯನ್ನು ಅವ್ವಾ ಎನ್ನುವುದನ್ನು ಕೇಳಿ ನಾನು ಹಿತ್ತಲಿಗೆ ಓಡಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ ಅವನು ಬೇಡುವುದನ್ನೂ ಬಿಟ್ಟು ಸಣ್ಣ ದನಿಯಲ್ಲಿ, "ನಮ್ಮಪ್ಪನ ಲೆಕ್ಕಾನೇ ಬರೋಬರಿ ಇತ್ತು ಸಿದ್ದಿ" ಎಂದ. ಅವನ ಪಕ್ಕದಲ್ಲೇ ಬಿದ್ದುಕೊಂಡೆ. ಅಷ್ಟು ದಣಿವಾಗಿತ್ತು. ಮುತ್ಯಾ ರೊಪ್ಪದಿಂದ ಬಂದು ಇಬ್ಬರಿಗೂ ಒಂದೇ ಕಂಬಳಿ ಹೊದಿಸಿ ಹೋದ.

ಕಾಲಿನ ಉರಿ ಹೋಗಲಿಲ್ಲ. ಅದು ಅವನೊಂದಿಗೇ ಇರುವುದಕ್ಕೆ ಬಂದದ್ದು. ಆದರೆ ಶಿವರಾತ್ರಿ ಹತ್ತಿರ ಬಂದಾಗ ಮೂಗು ಸುರಿಯುವುದು ನಿಂತಿತ್ತು. ಕಣ್ಣು ತಿಳಿಯಾಗಿತ್ತು. ಬರೀ ಗಂಜಿ ಕುಡಿಯುತ್ತ, ಯಾರೊಂದಿಗೂ ಆಡದೆ, ಮೇಲಿನ ಜಂತಿಯನ್ನು ನೋಡುತ್ತ ಮಲಗಿರುತ್ತಿದ್ದ. ಆ ಸುಮ್ಮನಿರುವಿಕೆ ಬದುಕಿನ ಕಡೆಯದೋ ಗೋಡೆಯ ಕಡೆಯದೋ ಎಂದು ನಮಗೆ ತಿಳಿಯುತ್ತಿರಲಿಲ್ಲ. ನಾನೂ ಮುತ್ಯಾನೂ ಸರದಿಯಲ್ಲಿ ಇಣುಕಿ ನೋಡುತ್ತಿದ್ದೆವು. ಎಲೆಯಲ್ಲಿ ಅಂಟಿದ್ದ ಕೊನೆಯದನ್ನೂ ಕೆರೆದು ಕೊಟ್ಟು, ಎಲೆಯನ್ನು ಒಲೆಗೆ ಹಾಕಿದೆ. ಮರುದಿನ ಕೊಡಲು ಏನೂ ಇರಲಿಲ್ಲ. ಅವನೂ ಕೇಳಲಿಲ್ಲ. ಕೇಳದ್ದು ನೋಡಿ ಮುತ್ಯಾ ಇನ್ನಷ್ಟು ಹೆದರಿದ. ಗಂಜಿಯ ಬದಲು ಅವತ್ತು ನಾನು ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ, ಗಂಗಾಳದಲ್ಲಿ ಅವನ ಎದೆಯ ಬಳಿ ಇಟ್ಟೆ.

ಮಾವ ರೊಟ್ಟಿಯನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಏನಿದು?" ಎಂದ. "ರೊಟ್ಟಿಯೋ, ಬೀಸೋ ಕಲ್ಲೋ? ಇಷ್ಟು ವರ್ಷ ಆತು, ಒಂದು ರೊಟ್ಟಿ ಬಡಿಯಾಕ ಬರಂಗಿಲ್ಲ ನಿನಗ. ಇದನ್ನ ತಿಂದು ಮನಷ್ಯಾ ಬದಕೂದು ಹ್ಯಾಂಗ?"

ಬಾಗಿಲಲ್ಲಿ ನಿಂತಿದ್ದ ಮುತ್ಯಾ ಗೋಡೆ ಹಿಡಿದುಕೊಂಡ. "ಬೈದನಲ್ಲಬೇ ಸಿದ್ದಿ," ಎಂದ. "ಬೈಯಾಕತ್ತಾನ. ಬದುಕ್ತಾನ, ಬದುಕ್ತಾನ."

ಮುದುಕನಿಗೆ ಅಳು ಬಂದಿತ್ತು. ನನಗೆ ಬಂದದ್ದು ಸಿಟ್ಟು. ಇಡೀ ಚಳಿಗಾಲದ ಸಿಟ್ಟು, ನಿದ್ದೆಗೆಟ್ಟ ಸಿಟ್ಟು, ಅವ್ವಾ ಎಂದು ಕರೆಸಿಕೊಂಡ ಸಿಟ್ಟು. "ತಿಂತೀ ತಿನ್ನು, ಬಿಡ್ತೀ ಬಿಡು," ಎಂದು ಗಂಗಾಳಕ್ಕೆ ಕೈ ಹಾಕಿದೆ.

ಮಾವ ಗಂಗಾಳವನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ. ಆಗಲೇ ಬಾಯಿ ತುಂಬ ರೊಟ್ಟಿಯಿತ್ತು. ಅಗಿಯುತ್ತಲೇ, "ಇನ್ನೊಂದು ಹಾಕು" ಎಂದ.